ತಾಳಮದ್ದಳೆಗೆ ಮಿಕ್ಸರ್ ಹಿಡಿದು ಕೂತಿದ್ದೇನೆ, ಅದರ ಮೇಲೆ ಬರೆದದ್ದು ಒಂದೂ ಅರ್ಥವಾಗುತ್ತಿಲ್ಲ

ಅಡಿಕೆತೋಟ_88

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ನಮ್ಮೂರ ಸಂಘದಿಂದ ವರ್ಷಕ್ಕೆ ಐದಾರು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ನಡೆಯುತ್ತವೆ. ಇಷ್ಟು ದಿನ ಪೇಟೆಯಿಂದ ಮೈಕ್‌ನವರು ಬರುತ್ತಿದ್ದರು, ಬಾಡಿಗೆ ಕೊಟ್ಟು ಕಳಿಸುತ್ತಿದ್ದೆವು. ಈ ವರ್ಷ ಎಲ್ಲರೂ ಸೇರಿ ದುಡ್ಡು ಹಾಕಿ ಒಂದು ಹಳೇ 12 ಚಾನೆಲ್ ಮಿಕ್ಸರ್ (ಹಲವು ಮೈಕಿನ ದನಿ ಸೇರಿಸಿ ಹದ ಮಾಡುವ ಪೆಟ್ಟಿಗೆ), ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಬಾಕ್ಸು, ಆರು ಮೈಕು ತಂದಿದ್ದಾರೆ. ನನಗೆ ಮೊಬೈಲ್ ಡಿಸ್‌ಪ್ಲೇ ಬದಲಾಯಿಸಲು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲವನ್ನೂ ನನ್ನ ಕುತ್ತಿಗೆಗೆ ಕಟ್ಟಿದರು.

ಕೆಲಸ ಕಲಿಯಲು ಬೇಜಾರಿಲ್ಲ. ಹೆಸರುಗಳೇ ತಲೆ ತಿನ್ನುತ್ತಿವೆ. ಗೇನ್, ಟ್ರಿಮ್, ಪಿಎಫ್‌ಎಲ್, ಆಕ್ಸ್, ಪ್ರೀ, ಪೋಸ್ಟ್, ಪ್ಯಾನ್, ಲೋ ಕಟ್. ನೋಟ್‌ಬುಕ್ಕಿನಲ್ಲಿ ನಲವತ್ತು ಹೆಸರು ಬರೆದುಕೊಂಡು ಬಾಯಿಪಾಠ ಮಾಡಲು ಹೊರಟೆ, ಮೂರನೇ ದಿನಕ್ಕೆ ಎಲ್ಲಾ ಕಲಸುಮೇಲೋಗರ. ಅಂಗಡಿಗೆ ಹೋದರೆ ಅವರು ‘ಕ್ಯಾನನ್ ಬೇಕಾ, ಪಿ-38 ಬೇಕಾ, ಇಪಿ ಬೇಕಾ’ ಅನ್ನುತ್ತಾರೆ, ಮಿಕ್ಸರಿನ ಪುಸ್ತಕದಲ್ಲಿ ಆ ಮೂರು ಹೆಸರೂ ಇಲ್ಲ.

ಇನ್ನು ಎರಡು ಅನುಮಾನ. ಗೇನ್ ತಿರುಗಿಸಿದರೂ ದನಿ ಜಾಸ್ತಿಯಾಗುತ್ತದೆ, ಫೇಡರ್, ಅಂದರೆ ಆ ಜಾರುವ ಗುಂಡಿ, ಮೇಲೆ ಮಾಡಿದರೂ ಜಾಸ್ತಿ, ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದರೂ ಜಾಸ್ತಿ. ಒಂದೇ ಕೆಲಸಕ್ಕೆ ಮೂರು ಗುಂಡಿ ಯಾಕೆ? ಎರಡನೆಯದು ವಿಚಿತ್ರ. ಮೊನ್ನೆ ಪರೀಕ್ಷೆಗೆ ಅಂತ ಮೊಬೈಲನ್ನು ಮಿಕ್ಸರಿಗೆ ಚುಚ್ಚಿ ಒಂದು ಭಾವಗೀತೆ ಹಾಕಿದೆ. ತಬಲಾ, ಕೊಳಲು ಎಲ್ಲಾ ಕೇಳುತ್ತದೆ, ಹಾಡುವವರ ದನಿ ಮಾತ್ರ ಮಾಯ! ಮಿಕ್ಸರ್ ಕೆಟ್ಟಿದೆಯಾ ಅಂತ ಸಂಘದವರು ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಮೈಕಾಸುರ

ತೊಡಕು ‘ಮೈಕ್’ ಅನ್ನುವಲ್ಲೇ ಇದೆ ಮಾರಾಯ್ರೆ. ನಮ್ಮ ಕಡೆ ಮೈಕ್ ಹಾಕಿದ್ದಾರೆ ಅಂದರೆ ಮರದ ಮೇಲೆ ಕಟ್ಟಿದ ಹಾರ್ನ್. ಮೈಕ್ ತಂದರು ಅಂದರೆ ಇಡೀ ಸೆಟ್ಟು. ಮೈಕ್ ಕೊಡಿ ಅಂದರೆ ಮಾತ್ರ ಕೈಯಲ್ಲಿ ಹಿಡಿಯುವುದು. ಆಮಂತ್ರಣ ಪತ್ರಿಕೆಯ ‘ಧ್ವನಿವರ್ಧಕ’ ಆಂಪ್ಲಿಫೈಯರೋ ಸ್ಪೀಕರೋ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಬರೆಸಿದವರಿಗೂ ಗೊತ್ತಿರಲಿಕ್ಕಿಲ್ಲ. ಆ ನೋಟ್‌ಬುಕ್ ಪಕ್ಕಕ್ಕಿಡಿ. ಮಿಕ್ಸರ್ ಕೆಟ್ಟಿಲ್ಲ, ದನಿ ಯಾಕೆ ಮಾಯವಾಯಿತು ಅಂತ ಗೊತ್ತಿದ್ದವರು ಹೇಳುತ್ತಾರೆ.

ಹಿಂದಿನ_ಸಾಲು

ಹದಿನೈದು ವರ್ಷದಿಂದ ನಾಟಕಕ್ಕೆ ಸೌಂಡ್ ಮಾಡುತ್ತಿದ್ದೇನೆ. ನಾನೂ ಶುರುವಿನಲ್ಲಿ ಪಟ್ಟಿ ಮಾಡಿಯೇ ಕೆಟ್ಟವನು. ಅಕಾರಾದಿಯಲ್ಲಿ ಕಲಿತರೆ ಇದು ಹತ್ತುವುದಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿಯ ಬಾಯಿಂದ ಹೊರಟ ದನಿಯ ಬೆನ್ನು ಹತ್ತಿ, ಕೊನೆಯ ಸಾಲಿನಲ್ಲಿ ಕೂತ ಅಜ್ಜನ ಕಿವಿಯವರೆಗೆ ಹೋಗಿ. ದಾರಿಯಲ್ಲಿ ಯಾವ ಗುಂಡಿ ಸಿಗುತ್ತದೋ ಅದರ ಹೆಸರು ಅಲ್ಲೇ ಕಲಿಯಿರಿ.

ನಿಮ್ಮ ಮೂರು ಗುಂಡಿಗಳನ್ನೇ ತೆಗೆದುಕೊಳ್ಳಿ. ಸಾಮಾನ್ಯ ಡೈನಾಮಿಕ್ ಮೈಕಿನೊಳಗೆ ಒಂದು ತೆಳು ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತ ಒಂದು ಅಯಸ್ಕಾಂತ, ಅಷ್ಟೇ. ಮಾತಾಡಿದರೆ ಹುಟ್ಟುವುದು ಒಂದೆರಡು ಮಿಲಿವೋಲ್ಟ್. ಇದಕ್ಕೆ ಮೈಕ್ ಲೆವೆಲ್ ಅನ್ನುತ್ತಾರೆ. ಮಿಕ್ಸರಿನ ಒಳಗೆ ಕೆಲಸ ನಡೆಯುವುದು ಸುಮಾರು ಒಂದು ವೋಲ್ಟಿನಲ್ಲಿ, ಅದು ಲೈನ್ ಲೆವೆಲ್. ಆ ಒಂದೆರಡು ಮಿಲಿವೋಲ್ಟನ್ನು ಎತ್ತಿ ಒಂದು ವೋಲ್ಟಿಗೆ ತರುವುದೇ ಗೇನ್. ಕೆಲವು ಮಿಕ್ಸರಿನಲ್ಲಿ ಅದನ್ನೇ ಟ್ರಿಮ್ ಅಂತ ಬರೆದಿರುತ್ತಾರೆ, ಗಾಬರಿ ಬೇಡ. ಫೇಡರ್ ಆಮೇಲಿನದು. ಈಗಾಗಲೇ ಸರಿಯಾದ ಅಳತೆಗೆ ಬಂದ ಐದಾರು ದನಿಗಳಲ್ಲಿ ಯಾರದು ಎಷ್ಟು ಅಂತ ಹಂಚುವುದು ಅದರ ಕೆಲಸ. ಆಂಪ್ಲಿಫೈಯರ್ ಕೊನೆಯ ದೊಡ್ಡ ಎತ್ತುಗೆ. 8 ಓಮ್ (ಕರೆಂಟಿಗೆ ಬಾಕ್ಸ್ ಒಡ್ಡುವ ತಡೆಯ ಅಳತೆ) ಬಾಕ್ಸಿಗೆ 200 ವ್ಯಾಟ್ ಹೋಗಬೇಕಾದರೆ 40 ವೋಲ್ಟ್ ಬೇಕು. ಮಿಲಿವೋಲ್ಟಿನಿಂದ ಒಂದು ವೋಲ್ಟ್, ಅಲ್ಲಿಂದ 40 ವೋಲ್ಟ್. ಮೂರೂ ದನಿ ಜಾಸ್ತಿ ಮಾಡುತ್ತವೆ ನಿಜ, ಆದರೆ ಬೇರೆ ಬೇರೆ ಜಾಗದಲ್ಲಿ.

ಗೇನ್ ಕಡಿಮೆ ಇಟ್ಟು ಮುಂದೆ ಎಲ್ಲಾ ಏರಿಸಿದರೆ ಹಿಂದೆ ಸುಸ್ಸ್ ಅನ್ನುವ ಸದ್ದೂ ಜೊತೆಗೇ ಏರುತ್ತದೆ. ಗೇನ್ ಜಾಸ್ತಿಯಾದರೆ ಕೆಂಪು ದೀಪ ಹತ್ತಿ ದನಿ ಒಡೆಯುತ್ತದೆ. ಅದು ಕ್ಲಿಪ್. ಅಲ್ಲಿ ಒಡೆದದ್ದನ್ನು ಫೇಡರ್ ಇಳಿಸಿ ಸರಿ ಮಾಡಲು ಆಗುವುದಿಲ್ಲ, ಒಡೆದ ದನಿ ಮೆಲ್ಲಗೆ ಕೇಳುತ್ತದೆ ಅಷ್ಟೇ.

ಇಟ್ಟುಕೊಳ್ಳುವುದು ಹೇಗೆ ಅಂದರೆ, ಫೇಡರ್ ಕೆಳಗಿರಲಿ, ಆ ಚಾನೆಲ್ಲಿನ ಪಿಎಫ್‌ಎಲ್ ಒತ್ತಿ. ಫೇಡರಿಗೆ ಹೋಗುವ ಮೊದಲಿನ ದನಿಯನ್ನು ಹೆಡ್‌ಫೋನಿಗೂ ಮೀಟರಿಗೂ ಕೊಡುವ ಗುಂಡಿ ಅದು. ಅರ್ಥಧಾರಿಗೆ ಮಾತಾಡಲು ಹೇಳಿ. ‘ಹಲೋ ಹಲೋ, ಒನ್ ಟು ತ್ರೀ’ ಅಲ್ಲ! ಅದನ್ನು ಎಲ್ಲರೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಕೌರವನ ಅರ್ಥ ಹೇಳುವವರಾದರೆ ಸಂಧಾನಕ್ಕೆ ಬಂದವನ ಮೇಲೆ ಸಿಟ್ಟಾಗಲು ಹೇಳಿ. ನಾನು ಒಮ್ಮೆ ಹಲೋ ಹಲೋಗೆ ಗೇನ್ ಇಟ್ಟು ಕೂತಿದ್ದೆ, ರಾತ್ರಿ ಒಂಬತ್ತೂವರೆಗೆ ಆ ಪುಣ್ಯಾತ್ಮರು ಒಂದು ಗರ್ಜನೆ ಹಾಕಿದರು, ಮುಂದಿನ ಸಾಲಿನ ಮಕ್ಕಳು ಎದ್ದು ಅಳಲು ಶುರು ಮಾಡಿದವು. ಗರ್ಜನೆಯಲ್ಲೂ ಕೆಂಪು ಹತ್ತಬಾರದು, ಸಾಮಾನ್ಯ ಮಾತಿಗೆ ಮೀಟರ್ ಸೊನ್ನೆಯ ಆಸುಪಾಸು ಆಡಬೇಕು. ಆಮೇಲೆ ಫೇಡರನ್ನು ಪಕ್ಕದಲ್ಲಿ 0 ಅಂತ ಬರೆದಲ್ಲಿಗೆ ತನ್ನಿ. ಅಲ್ಲಿ ಫೇಡರ್ ಏನೂ ಕೂಡಿಸುವುದಿಲ್ಲ, ಏನೂ ಕಳೆಯುವುದಿಲ್ಲ. ಅದಕ್ಕೆ ಯೂನಿಟಿ ಅನ್ನುತ್ತಾರೆ. ಅಲ್ಲಿಂದ ಚೂರು ಮೇಲೆ, ಚೂರು ಕೆಳಗೆ.

ಆಕ್ಸ್ ಅಂದರೆ ಪಕ್ಕದ ದಾರಿ. ಪದ್ಯ ಹಾಡುವ ಭಾಗವತರ ಎದುರು ಒಂದು ಪುಟ್ಟ ಸ್ಪೀಕರ್ ಇಡುತ್ತೀರಲ್ವಾ, ಅದಕ್ಕೆ ಎಷ್ಟು ಕಳಿಸಬೇಕು ಅನ್ನುವುದು ಆಕ್ಸ್. ಪ್ರೀ ಅಂತಿದ್ದರೆ ಫೇಡರ್ ಆಡಿಸಿದರೂ ಅವರಿಗೆ ಕೇಳುವುದು ಬದಲಾಗುವುದಿಲ್ಲ, ಪೋಸ್ಟ್ ಅಂತಿದ್ದರೆ ಬದಲಾಗುತ್ತದೆ. ಭಾಗವತರಿಗೆ ಯಾವಾಗಲೂ ಪ್ರೀ ಕೊಡಿ. ಇಲ್ಲದಿದ್ದರೆ ಪದ್ಯದ ನಡುವೆ ನಿಮ್ಮ ಕಡೆ ತಿರುಗಿ ನೋಡುತ್ತಾರೆ, ಆ ನೋಟ ಬಲು ಕೆಟ್ಟದ್ದು.

ಎಸ್‌ಪಿ_ರೋಡ್_ಸೋಲ್ಡರ್

ಅಂಗಡಿಯ ಭಾಷೆ ನಾನು ಹೇಳುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಪಿನ್ನು ಮಾರುತ್ತಲೇ ಬೆಳೆದವನು.

ಕ್ಯಾನನ್ ಅಂದರೆ ನಿಮ್ಮ ಪುಸ್ತಕದ ಎಕ್ಸ್‌ಎಲ್‌ಆರ್. ಮೂರು ಪಿನ್ನಿನ ದುಂಡನೆಯದು. ಮೊದಲು ಮಾಡಿದ ಅಮೆರಿಕದ ಕಂಪನಿಯ ಹೆಸರು ಕ್ಯಾನನ್, ಆ ಹೆಸರೇ ನಿಂತಿತು. ಕ್ಯಾಮೆರಾದವರಿಗೂ ಅದಕ್ಕೂ ಸಂಬಂಧವಿಲ್ಲ. ಪಿ-38 ಅಂದರೆ 6.35 ಮಿ.ಮೀ. ದಪ್ಪದ ಉದ್ದ ಪಿನ್ನು, ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಜೋಡಿಸಲು ಚುಚ್ಚುತ್ತಿದ್ದ ಪಿನ್ನಿನ ವಂಶ. ಇಪಿ ಅಂದರೆ ಮೊಬೈಲ್ ಹೆಡ್‌ಫೋನಿನ 3.5 ಮಿ.ಮೀ.ಯದು. ಟಿವಿ ಹಿಂದೆ ಇರುವ ಕೆಂಪು-ಬಿಳಿ ಪಿನ್ನು ಆರ್‌ಸಿಎ, ಅದೂ ಕಂಪನಿಯ ಹೆಸರೇ.

ಈಗ ನಿಮ್ಮ ಮಾಯವಾದ ದನಿ. ನೀವು ಹಾಕಿದ್ದು ಒಂದು ಕಡೆ ಇಪಿ, ಇನ್ನೊಂದು ಕಡೆ ಪಿ-38 ಸ್ಟೀರಿಯೊ ಇರುವ ಕೇಬಲ್ ಅಲ್ವಾ? ಪಿನ್ನಿನ ಮೇಲೆ ಕಪ್ಪು ಗೆರೆ ಎಣಿಸಿ. ಒಂದೇ ಗೆರೆ ಇದ್ದರೆ ಮೋನೋ, ಪುಸ್ತಕದ ಭಾಷೆಯಲ್ಲಿ ಟಿಎಸ್. ಎರಡು ಗೆರೆ ಇದ್ದರೆ ಟಿಆರ್‌ಎಸ್. ಟಿ ಅಂದರೆ ತುದಿ, ಆರ್ ಅಂದರೆ ನಡುವಿನ ಉಂಗುರ, ಎಸ್ ಅಂದರೆ ಬುಡದ ತೋಳು. ಮೋಸ ಇಲ್ಲೇ. ಎರಡು ಗೆರೆಯ ಒಂದೇ ಪಿನ್ನನ್ನು ಎರಡು ಬೇರೆ ಕೆಲಸಕ್ಕೆ ಬಳಸುತ್ತಾರೆ. ಹೆಡ್‌ಫೋನಿನಲ್ಲಿ ತುದಿ ಎಡಗಿವಿ, ಉಂಗುರ ಬಲಗಿವಿ, ಅಂದರೆ ಸ್ಟೀರಿಯೊ. ಮಿಕ್ಸರಿನ ಲೈನ್ ಇನ್ನಿನಲ್ಲಿ ಅದೇ ತುದಿ-ಉಂಗುರ ಬ್ಯಾಲೆನ್ಸ್ಡ್.

ಬ್ಯಾಲೆನ್ಸ್ಡ್ ಅಂದರೆ ಒಂದೇ ದನಿಯನ್ನು ಎರಡು ತಂತಿಯಲ್ಲಿ ಕಳಿಸುವುದು, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ದಾರಿಯಲ್ಲಿ ಕರೆಂಟ್ ವೈರಿನ ಗುಂಯ್ ಸೇರಿಕೊಂಡರೆ ಎರಡು ತಂತಿಗೂ ಒಂದೇ ಥರ ಸೇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿ ಇದ್ದದ್ದು ಹೋಯಿತು, ದನಿ ಉಳಿಯಿತು. ಮೂವತ್ತು ಮೀಟರ್ ಕೇಬಲ್ ಎಳೆದರೂ ಗಲಾಟೆ ಇಲ್ಲದಿರುವುದು ಇದರಿಂದ.

ನೀವು ಅದರೊಳಗೆ ಸ್ಟೀರಿಯೊ ಹಾಡು ತುರುಕಿದಿರಿ. ಹಾಡುವವರ ದನಿಯನ್ನು ಸಾಮಾನ್ಯವಾಗಿ ನಡುವೆ ಇಟ್ಟು ರೆಕಾರ್ಡ್ ಮಾಡುತ್ತಾರೆ, ಅಂದರೆ ಎಡಕ್ಕೂ ಬಲಕ್ಕೂ ಸಮಸಮ. ಮಿಕ್ಸರ್ ಪಾಪ, ತನ್ನ ಅಭ್ಯಾಸದಂತೆ ಎಡದಿಂದ ಬಲವನ್ನು ಕಳೆಯಿತು. ಸಮಸಮ ಇದ್ದ ದನಿ ಸೊನ್ನೆ. ಅತ್ತಿತ್ತ ಇದ್ದ ಕೊಳಲು, ತಬಲಾ ಉಳಿದವು. ಮಿಕ್ಸರ್ ಸರಿಯಾಗೇ ಇದೆ. ಒಂದು ಇಪಿಯಿಂದ ಎರಡು ಪಿ-38 ಮೋನೋ ಬರುವ ಕವಲು ಕೇಬಲ್ ತೆಗೆದುಕೊಳ್ಳಿ, ಎರಡು ಚಾನೆಲ್ಲಿಗೆ ಚುಚ್ಚಿ, ಒಂದರ ಪ್ಯಾನ್ (ದನಿಯನ್ನು ಎಡಕ್ಕೋ ಬಲಕ್ಕೋ ತಳ್ಳುವ ಗುಂಡಿ) ಎಡಕ್ಕೆ, ಇನ್ನೊಂದರದ್ದು ಬಲಕ್ಕೆ.

ಸಾಧ್ಯವಾದರೆ ಒಂದು ಮೈಕ್ ಕೇಬಲ್ ನೀವೇ ಸೋಲ್ಡರ್ ಮಾಡಿ. ಪಿನ್ನಿನ ಬುಡದಲ್ಲಿ 1, 2, 3 ಅಂತ ಸಣ್ಣಗೆ ಕೊರೆದಿರುತ್ತದೆ, ಟಾರ್ಚ್ ಹಿಡಿದು ನೋಡಬೇಕು. 1ಕ್ಕೆ ಜಾಲರಿ, ಅಂದರೆ ಶೀಲ್ಡ್. 2 ಹಾಟ್, ಅಂದರೆ ನೇರ ದನಿಯದು, 3 ಕೋಲ್ಡ್, ತಲೆಕೆಳಗಿನದು. ತಂತಿಗೂ ಪಿನ್ನಿಗೂ ಮೊದಲೇ ಚೂರು ಸೀಸ ಹತ್ತಿಸಿಕೊಂಡರೆ ಆಮೇಲೆ ಎರಡು ಸೆಕೆಂಡಿನ ಕೆಲಸ. ಮತ್ತೆ, ಕೇಬಲ್ಲಿಗೆ ಹಿಂದಿನ ಮುಚ್ಚಳ ಏರಿಸಿಕೊಂಡು ಕೂತಿದ್ದೀರಾ ನೋಡಿ. ಮೂರೂ ಚೆಂದ ಬೆಸೆದು, ಊದಿ, ತಿರುಗಿಸಿ ನೋಡಿ, ಆಹಾ ಅಂದುಕೊಂಡಾಗ ಮುಚ್ಚಳ ಮೇಜಿನ ಮೇಲೆ ಕೂತು ನಗುತ್ತಿರುತ್ತದೆ. ಇಷ್ಟು ವರ್ಷವಾದರೂ ವಾರಕ್ಕೊಮ್ಮೆ ನನಗೆ ಇದು ಆಗುತ್ತದೆ.

ಅಡಿಕೆತೋಟ_88

ಗೆರೆ ಎಣಿಸಿದೆ. ಎರಡಿದೆ! ಸಂಘದ ವಾಟ್ಸಾಪ್ ಗುಂಪಿಗೆ ಈಗಲೇ ಹಾಕುತ್ತೇನೆ. ಇನ್ನೊಂದು ಕೇಳುವುದು ಮರೆತೆ. +48 ಅಂತ ಒಂದು ಕೆಂಪು ಗುಂಡಿ ಇದೆ. ಅದನ್ನು ಒತ್ತಿದರೆ ಮೈಕ್ ಸುಟ್ಟು ಹೋಗುತ್ತದೆ ಅಂತ ಮಾರಿದವರು ಹೆದರಿಸಿ ಹೋಗಿದ್ದಾರೆ, ನಾನು ಅದರ ಮೇಲೆ ಟೇಪ್ ಅಂಟಿಸಿಟ್ಟಿದ್ದೇನೆ.

ಹಿಂದಿನ_ಸಾಲು

ಟೇಪ್ ಇರಲಿ, ಹೆದರಿಕೆ ಬೇಡ. ಅದು ಫ್ಯಾಂಟಮ್ ಪವರ್. ಕಂಡೆನ್ಸರ್ ಅನ್ನುವ ಇನ್ನೊಂದು ಜಾತಿಯ ಮೈಕಿಗೆ ಒಳಗೆ ಕರೆಂಟ್ ಬೇಕು, ಅದನ್ನು ದನಿ ಬರುವ ಅದೇ ಕೇಬಲ್ಲಿನಲ್ಲಿ ಎದುರು ದಿಕ್ಕಿಗೆ ಕಳಿಸುತ್ತಾರೆ. ಬೇರೆ ವೈರ್ ಕಾಣುವುದಿಲ್ಲ, ಅದಕ್ಕೇ ಆ ದೆವ್ವದ ಹೆಸರು. 48 ಯಾಕೆ ಅನ್ನುವುದಕ್ಕೆ ಒಂದು ಕಥೆ ಇದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೊದವರಿಗೆ ಮೈಕ್ ಮಾಡಿಕೊಟ್ಟಿತು. ಆ ಸ್ಟುಡಿಯೊಗಳಲ್ಲಿ ತುರ್ತು ದೀಪಕ್ಕೆ ಅಂತ 48 ವೋಲ್ಟ್ ಲೈನ್ ಮೊದಲೇ ಇತ್ತು. ಅದನ್ನೇ ಬಳಸಿದರು, ಜಗತ್ತಿಗೆಲ್ಲ ಅದೇ ಆಯಿತು.

ಸೋಲ್ಡರ್ ಅಣ್ಣ ಹೇಳಿದ 2 ಮತ್ತು 3ನೇ ಪಿನ್ನು ಎರಡರಲ್ಲೂ ಅದೇ 48 ಇರುತ್ತದೆ. ಡೈನಾಮಿಕ್ ಮೈಕಿನ ಸುರುಳಿ ಇರುವುದು ಆ ಎರಡರ ನಡುವೆ. ಎರಡು ಕಡೆಯೂ ಸಮ ಇದ್ದರೆ ನಡುವೆ ಹರಿಯುವುದೇನು? ಏನೂ ಇಲ್ಲ. ಸರಿಯಾದ ಕ್ಯಾನನ್-ಕ್ಯಾನನ್ ಕೇಬಲ್ ಇದ್ದರೆ ಡೈನಾಮಿಕ್ ಮೈಕಿಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಹಳೆಯ ರಿಬ್ಬನ್ ಮೈಕಿಗೆ (ಸುರುಳಿಯ ಬದಲು ತೆಳು ಲೋಹದ ಪಟ್ಟಿ ಇರುವುದು), ತಪ್ಪಾಗಿ ಬೆಸೆದ ಕೇಬಲ್ಲಿಗೆ, ಮೊಬೈಲನ್ನೋ ಕೀಬೋರ್ಡನ್ನೋ ಏನೇನೋ ಅಡಾಪ್ಟರ್ ಹಾಕಿ ಮೈಕಿನ ತೂತಿಗೆ ಜೋಡಿಸಿದಾಗ. ಮತ್ತೆ ಅದು ಆನ್ ಇರುವಾಗ ಫೇಡರ್ ಇಳಿಸದೆ ಮೈಕ್ ಕಿತ್ತರೆ ಬಾಕ್ಸಿನಿಂದ ಢಮ್ ಅಂತ ಸದ್ದು ಬರುತ್ತದೆ. ನಿಮ್ಮ ಆರೂ ಮೈಕ್ ಡೈನಾಮಿಕ್ ಇದ್ದರೆ ಅದನ್ನು ಒತ್ತುವ ಕೆಲಸವೇ ಇಲ್ಲ.

ಶ್ರುತಿಪೆಟ್ಟಿಗೆ

ಭಾಗವತಿಕೆ ಕಲಿಯುತ್ತಿದ್ದೇನೆ, ಸೌಂಡ್ ಗೊತ್ತಿಲ್ಲ, ಆದರೆ ಮಿಕ್ಸರಿನ ಮೇಲೆ ಬರೆದಿರುವ ಈ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ನನಗೆ ಅರ್ಥವಾದದ್ದು ಹೇಗೆ ಅಂತ ಹೇಳುತ್ತೇನೆ. ಹಾರ್ಮೋನಿಯಮ್ಮಿನ ನಡುವಿನ ಬಿಳಿ 1 ಸುಮಾರು 262 ಹರ್ಟ್ಸ್. ಅದರ ಮೇಲಿನ ಸ 523, ಕೆಳಗಿನ ಸ 131. ಒಂದು ಸ್ಥಾಯಿ ಏರಿದರೆ ದುಪ್ಪಟ್ಟು, ಇಳಿದರೆ ಅರ್ಧ. ಇಷ್ಟು ಗೊತ್ತಾದ ಮೇಲೆ ಇಕ್ಯೂ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಬೇರೆ ಏರಿಸಿ ಇಳಿಸುವ) ಗುಂಡಿಯ ಪಕ್ಕದ ಅಂಕಿಗಳು ನನಗೆ ಸ್ವರಗಳಂತೆ ಕಂಡವು. ಲೋ ಕಟ್ 80 ಅಂತ ಬರೆದಿದ್ದರೆ ಮಂದ್ರಕ್ಕಿಂತಲೂ ಕೆಳಗಿನದ್ದನ್ನು ಕತ್ತರಿಸುತ್ತದೆ. ಅಲ್ಲಿ ಮಾತು ಹೆಚ್ಚುಕಡಿಮೆ ಇರುವುದೇ ಇಲ್ಲ. ಇರುವುದು ಗಾಳಿ, ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು, ಕರೆಂಟಿನ 50 ಹರ್ಟ್ಸ್ ಗುಂಯ್. ಮಾತಿನ ಮೈಕಿಗೆಲ್ಲ ಅದನ್ನು ಒತ್ತಿಯೇ ಇಡಿ ಅಂತ ನಮ್ಮ ಮೈಕ್‌ನವರು ಹೇಳುತ್ತಾರೆ.

ಮೈಕಾಸುರ

ಶ್ರುತಿಪೆಟ್ಟಿಗೆಯವರೇ, ಇದು ಚೆನ್ನಾಗಿದೆ. ಫೀಡ್‌ಬ್ಯಾಕಿಗೂ ಹಾಗೇ ಕಿವಿ ಕೊಡಬಹುದು. ಮೈಕಿಗೆ ಬಿದ್ದ ದನಿ ಸ್ಪೀಕರಿನಿಂದ ಹೊರಟು ಮತ್ತೆ ಅದೇ ಮೈಕಿಗೆ ಬಿದ್ದು ಸುತ್ತುತ್ತಾ ಬೆಳೆಯುವುದು ಫೀಡ್‌ಬ್ಯಾಕ್. ಕುಂಯ್ ಅಂತ ಚುಚ್ಚಿದರೆ ಎರಡು ಮೂರು ಸಾವಿರದ ಸುತ್ತಮುತ್ತ, ಊಂ ಅಂತ ಮಡಕೆಯೊಳಗಿನ ಸದ್ದಿನಂತೆ ಬಂದರೆ ಇನ್ನೂರು ಮುನ್ನೂರು. ತಾಳಮದ್ದಳೆಯಲ್ಲಿ ಇದು ಜಾಸ್ತಿ, ಯಾಕೆಂದರೆ ಐದು ಮೈಕ್ ಒಟ್ಟಿಗೇ ತೆರೆದಿರುತ್ತವೆ. ತೆರೆದ ಮೈಕ್ ದುಪ್ಪಟ್ಟಾದಾಗಲೆಲ್ಲ ಮೈಕ್ ಕೂಗುವ ಮೊದಲು ದನಿ ಏರಿಸಲು ನಿಮಗಿರುವ ಜಾಗ 3 ಡೆಸಿಬೆಲ್ (ದನಿಯ ಮಟ್ಟದ ಅಳತೆ) ಕಡಿಮೆಯಾಗುತ್ತದೆ. ಒಂದರ ಬದಲು ನಾಲ್ಕು ತೆರೆದಿದ್ದರೆ 6 ಡೆಸಿಬೆಲ್ ಹೋಯಿತು. ಮಾತಾಡದವರ ಫೇಡರ್ ಇಳಿಸಿ, ಪೂರ್ತಿ ಅಲ್ಲ, ನಡುವೆ ಬಾಯಿ ಹಾಕುತ್ತಾರೆ!

ಮೈಕಿನ ಮೇಲೆ ಕಾರ್ಡಿಯಾಯ್ಡ್ ಅಂತಿದ್ದರೆ, ಅದು ದನಿ ಹಿಡಿಯುವ ಸುತ್ತಳತೆ ಹೃದಯದ ಆಕಾರ ಅಂತ ಅರ್ಥ. ಮುಂದಿನದ್ದು ಚೆನ್ನಾಗಿ ಕೇಳುತ್ತದೆ, ಬೆನ್ನಿನದ್ದು ಕಡಿಮೆ. ಅದಕ್ಕೇ ಭಾಗವತರ ಮಾನಿಟರ್, ಅಂದರೆ ಅವರೆದುರಿನ ಆ ಪುಟ್ಟ ಸ್ಪೀಕರ್, ಮೈಕಿನ ಬೆನ್ನಿಗೆ ಇರಬೇಕು. ಮೈಕಿನ ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ ಆ ಹೃದಯ ಕೆಟ್ಟು ಎಲ್ಲಾ ಕಡೆಯದ್ದೂ ಕೇಳಲು ಶುರುವಾಗುತ್ತದೆ. ಅಧ್ಯಕ್ಷರ ಭಾಷಣದಲ್ಲೇ ಮೈಕ್ ಕೂಗುವುದು ಇದಕ್ಕೆ.

ಡೆಸಿಬೆಲ್ಲಿಗೆ ಇನ್ನೊಂದು ಉಪಯೋಗವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ 45. ಬಯಲಿನಲ್ಲಿ ಹಾಕುವುದಾದರೆ ಅನುಮತಿ ಬೇಕು, ರಾತ್ರಿ 10ರ ಮೇಲೆ ಆಟ ಇಟ್ಟುಕೊಂಡರೆ ಮೊದಲೇ ವಿಚಾರಿಸಿಕೊಳ್ಳಿ.

ಸುಟ್ಟ_ಟ್ವೀಟರ್

ನನ್ನ ಹೆಸರೇ ಎಲ್ಲಾ ಹೇಳುತ್ತದೆ. ಟ್ವೀಟರ್ ಅಂದರೆ ಬಾಕ್ಸಿನೊಳಗೆ ಮೇಲಿನ ಸ್ವರಗಳಿಗೆ ಅಂತ ಇರುವ ಪುಟ್ಟ ಸ್ಪೀಕರ್. ಬಾಕ್ಸಿನ ಹಿಂದೆ ಬರೆದದ್ದನ್ನೂ ಕಲಿಯಿರಿ. ಆರ್‌ಎಂಎಸ್ ಅಥವಾ ಕಂಟಿನ್ಯೂಯಸ್ ಅಂತ ಇರುವ ವ್ಯಾಟ್ ಅಷ್ಟನ್ನೇ ನಂಬಿ. ಪೀಕ್ ಅನ್ನುವುದು ಕ್ಷಣದ ಮಾತು. ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿರುವುದು ಡಬ್ಬದ ಚೆಂದಕ್ಕೆ. ಇನ್ನು 100 ವ್ಯಾಟಿನಿಂದ 200ಕ್ಕೆ ಹೋದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್.

8 ಓಮ್ ಬಾಕ್ಸ್ ಎರಡನ್ನು ಒಂದರಿಂದ ಇನ್ನೊಂದಕ್ಕೆ ಕೊಕ್ಕೆ ಹಾಕಿದರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. ನಾಲ್ಕು ಹಾಕಿದರೆ 2. ಓಮ್ ಇಳಿದಷ್ಟೂ ಆಂಪ್ಲಿಫೈಯರಿಗೆ ಹೊರೆ ಜಾಸ್ತಿ. ನಾನು ನಾಲ್ಕು ಹಾಕಿದವನು. ಅದು ಬಿಸಿಯಾಗಿ ಆಫ್ ಆಯಿತು. ಮುಂದಿನ ಸಲ ಸಣ್ಣ ಆಂಪ್ಲಿಫೈಯರ್ ತಂದು ಕೆಂಪು ದೀಪ ಆರದಂತೆ ಮೂರು ತಾಸು ಓಡಿಸಿದೆ, ಟ್ವೀಟರ್ ಸುಟ್ಟಿತು. ಕ್ಲಿಪ್ ಆದ ದನಿಯಲ್ಲಿ ಮೇಲಿನ ಸ್ವರಗಳ ಶಕ್ತಿ ಜಾಸ್ತಿ ಇರುತ್ತದೆ, ಅದೆಲ್ಲ ಹೋಗಿ ಬೀಳುವುದು ಆ ಪುಟ್ಟ ಟ್ವೀಟರಿನ ಮೇಲೆ ಅಂತ ಆಮೇಲೆ ಗೊತ್ತಾಯಿತು. ಹಳೇ ಪಿಎ ಆಂಪ್ಲಿಫೈಯರ್ ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಅಂತ ಸ್ಕ್ರೂ ಇರುತ್ತವೆ. ಆ 100 ವೋಲ್ಟ್ ಇರುವುದು ಟ್ರಾನ್ಸ್‌ಫಾರ್ಮರ್ ಇರುವ ಹಾರ್ನಿಗೆ, ದೂರದ ಲೈನಿಗೆ. ನಿಮ್ಮ 8 ಓಮ್ ಬಾಕ್ಸನ್ನು ಅಲ್ಲಿಗೆ ಕಟ್ಟಬೇಡಿ.

ಅಡಿಕೆತೋಟ_88

ಮೊನ್ನೆ ಶನಿವಾರ ತಾಳಮದ್ದಳೆ ಮುಗಿಯಿತು. ಎಲ್ಲರೂ ಹೇಳಿದಂತೆ ದನಿಯ ಬೆನ್ನು ಹತ್ತಿದೆ. ಮಿಕ್ಸರಿಗೆ ಬಿಳಿ ಟೇಪ್ ಅಂಟಿಸಿ ಭಾಗವತರು, ಮದ್ದಳೆ, ಎಡ, ಬಲ ಅಂತ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಚೆಂಡೆಗೆ ಮೈಕ್ ಇಡಲೇ ಇಲ್ಲ, ಅದು ಹೇಗಿದ್ದರೂ ಭಾಗವತರ ಮೈಕಿನಲ್ಲೇ ಬೇಕಾದಷ್ಟು ಬರುತ್ತದೆ. ಕೌರವನಿಗೆ ಸಿಟ್ಟಾಗಲು ಹೇಳಿದರೆ ‘ಚಾ ಕುಡಿಯದೆ ಸಿಟ್ಟು ಬರುವುದಿಲ್ಲ’ ಅಂದರು. ಚಾ ಆದ ಮೇಲೆ ಗೇನ್ ಇಟ್ಟೆ. ಎರಡು ಸಲ ಕುಂಯ್ ಅಂದಿತು. ಎರಡೂ ಸಲ ಮಾತಾಡದೆ ಕೂತವರ ಫೇಡರ್ ಮೇಲಿತ್ತು, ನಾನು ಅರ್ಥ ಕೇಳುತ್ತಾ ಮೈಮರೆತಿದ್ದೆ. ಭಾಗವತರು ಒಮ್ಮೆ ಮಾತ್ರ ತಿರುಗಿ ನೋಡಿದರು.

ಮುಂದಿನ ವಾರ ಬರುವ ಭಾಗವತರು ತಮ್ಮದೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತರುತ್ತಾರಂತೆ. ಅದನ್ನು ಮೈಕಿನ ತೂತಿಗೆ ಕೊಡಲೋ ಲೈನ್ ಇನ್ನಿಗೋ?

ಎಸ್‌ಪಿ_ರೋಡ್_ಸೋಲ್ಡರ್

ಲೈನ್ ಇನ್ನಿಗೆ. ಗೇನ್ ಪೂರ್ತಿ ಇಳಿಸಿಟ್ಟು ಶುರು ಮಾಡಿ. ಮಿಕ್ಸರ್ ಕಡೆ ಯಾವ ಪಿನ್ನು ಇದೆ?

ಅಡಿಕೆತೋಟ_88

ಫೋನ್ ಮಾಡಿ ಕೇಳಿದೆ. ಪಿ-38, ಒಂದೇ ಕಪ್ಪು ಗೆರೆ.